ನದಿ ಒಡೆಯುವ ಕಾಲ

ಅಲಾಸ್ಕದಲ್ಲಿ ವಸಂತ ಎಷ್ಟು ಬೆಚ್ಚಗಿರುತ್ತದೆ ಎಂದು ಹವಾಮಾನ ನಕ್ಷೆ ಹೇಳುತ್ತದೆ. ಹಳ್ಳಿಗಳ ಚಿಂತೆಯೇ ಬೇರೆ: ಅದು ನಿಧಾನವಾಗಿ ಬರುತ್ತದೋ, ನುಗ್ಗಿ ಬರುತ್ತದೋ?

ಹೆಸರು ಮುಕ್ಕಾಲಿ, ಕಾಲು ಮಾತ್ರ ನಾಲ್ಕು. ಅಲಾಸ್ಕದ ನೆನಾನಾ ಎಂಬ ಪುಟ್ಟ ಊರಿನವರು ಪ್ರತಿ ಮಾರ್ಚ್‌ನಲ್ಲಿ ಇಂಥದೊಂದು ಮರದ ಚೌಕಟ್ಟನ್ನು ಹೆಪ್ಪುಗಟ್ಟಿದ ಟನಾನಾ ನದಿಯ ಮೇಲೆ ನಿಲ್ಲಿಸುತ್ತಾರೆ. ಅಲ್ಲಿಂದ ದಡದ ಮೇಲಿನ ಗಡಿಯಾರಕ್ಕೆ ಒಂದು ತಂತಿ. ಮಂಜುಗಡ್ಡೆ ಒಡೆದು ಮುಕ್ಕಾಲಿ ನೂರಡಿ ತೇಲಿಹೋದರೆ ತಂತಿ ಜಗ್ಗಿ ಗಡಿಯಾರ ನಿಲ್ಲುತ್ತದೆ. ಆ ದಿನ, ಗಂಟೆ, ನಿಮಿಷವನ್ನು ಮೊದಲೇ ಊಹಿಸಿ ಚೀಟಿ ಕೊಂಡವರಿಗೆ ಬಹುಮಾನ. 1917ರಲ್ಲಿ ರೈಲು ದಾರಿ ಹಾಕಲು ಬಂದಿದ್ದ ಎಂಜಿನಿಯರುಗಳು 800 ಡಾಲರ್ ಕೂಡಿಸಿ ಶುರು ಮಾಡಿದ ಈ ಪಂದ್ಯ ಇವತ್ತಿಗೂ ನಿಂತಿಲ್ಲ.

ದುಡ್ಡಿನ ಆಸೆಗೆ ಬರೆದಿಟ್ಟ ಲೆಕ್ಕ ಎಂದು ವಿಜ್ಞಾನ ಇದನ್ನು ತಳ್ಳಿಹಾಕಲಿಲ್ಲ. ಪಂದ್ಯದ ದಿನಾಂಕಗಳನ್ನು ಜೋಡಿಸಿ ನೋಡಿದ ಅಧ್ಯಯನವೊಂದು 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲೇ ಪ್ರಕಟವಾಯಿತು. ನದಿ 1917ಕ್ಕಿಂತ ಸರಾಸರಿ ಐದೂವರೆ ದಿನ ಬೇಗ ಒಡೆಯುತ್ತಿದೆ ಎಂಬುದು ಅದರ ಸಾರ. ಹಣ ಕಟ್ಟಿದವರೆಲ್ಲ ಗಡಿಯಾರದ ಮೇಲೆ ಕಣ್ಣಿಟ್ಟಿರುವಾಗ ಅಂಕಿ ತಪ್ಪಲು ಸಾಧ್ಯವೇ?

ದಾರಿಯೇ ಕರಗುವ ಹೊತ್ತು

ನಮ್ಮಲ್ಲಿ ಭರಣಿ, ಕೃತ್ತಿಕೆಯ ಮಳೆ ಎಣಿಸುವ ದಿನಗಳಲ್ಲಿ ಅಲ್ಲಿ ‘ಬ್ರೇಕಪ್’. ನಮ್ಮ ಕಾಲೇಜು ಹುಡುಗರ ಬ್ರೇಕಪ್ ಅಲ್ಲ. ನದಿ ಒಡೆಯುವುದಕ್ಕೆ ಅಲಾಸ್ಕದವರು ಇಟ್ಟ ಹೆಸರು. ಚಳಿಗಾಲ ಮುಗಿದು ಬೇಸಿಗೆ ಇನ್ನೂ ಕಾಲಿಡದ ಆ ಕೆಸರಿನ ವಾರಗಳೇ ಅಲ್ಲೊಂದು ಋತು.

ಅಲಾಸ್ಕದ ವಿಸ್ತೀರ್ಣ 17 ಲಕ್ಷ ಚದರ ಕಿಲೋಮೀಟರ್. ಅದರೊಳಗೆ ಹತ್ತಿರ ಹತ್ತಿರ ಒಂಬತ್ತು ಕರ್ನಾಟಕ ಹಿಡಿಸುತ್ತವೆ. ಜನಸಂಖ್ಯೆ ಮಾತ್ರ ಏಳು ಲಕ್ಷ ಚಿಲ್ಲರೆ, ಮೈಸೂರು ನಗರಕ್ಕಿಂತ ಕಡಿಮೆ. ಒಳನಾಡಿನ ಎಷ್ಟೋ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ಹೆದ್ದಾರಿ, ಬೇಸಿಗೆಯಲ್ಲಿ ಅದೇ ನದಿ ದೋಣಿಯ ದಾರಿ. ಬ್ರೇಕಪ್ಪಿನ ಹೊತ್ತಿನಲ್ಲಿ ಎರಡೂ ಇಲ್ಲ. ಗಡ್ಡೆ ಕಾಲು ಹಿಡಿಯುವುದಿಲ್ಲ, ನೀರು ದೋಣಿ ಹಿಡಿಯುವುದಿಲ್ಲ. ಊರಿಗೆ ಉಳಿಯುವುದು ಪುಟ್ಟ ವಿಮಾನವೊಂದೇ. ಹಾಗಾಗಿ ವಸಂತದ ಮುನ್ಸೂಚನೆ ಅವರಿಗೆ ಹರಟೆಯ ವಿಷಯವಲ್ಲ. ಮನೆಗೆ ಸಾಮಾನು ಯಾವಾಗ ತರಿಸಬೇಕು, ದೋಣಿಯನ್ನು ಎಷ್ಟು ಎತ್ತರಕ್ಕೆ ಎಳೆದಿಡಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಕಿತ್ತಳೆ ಬಣ್ಣದ ಅರ್ಥ

ಅಮೆರಿಕದ ಹವಾಮಾನ ಮುನ್ಸೂಚನಾ ಕೇಂದ್ರ ಮೂರು ಮೂರು ತಿಂಗಳ ನಕ್ಷೆಗಳನ್ನು ಹೊರಡಿಸುತ್ತದೆ. ಕಿತ್ತಳೆ ಬಣ್ಣ ಬಿಸಿಯ ಕಡೆಗೆ, ನೀಲಿ ಚಳಿಯ ಕಡೆಗೆ. ನಕ್ಷೆಯ ಹಿಂದಿನ ಲೆಕ್ಕ ಸರಳ. 1991ರಿಂದ 2020ರವರೆಗಿನ ಮೂವತ್ತು ವರ್ಷಗಳನ್ನು ಬಿಸಿಯ ಹತ್ತು, ನಡುವಿನ ಹತ್ತು, ಚಳಿಯ ಹತ್ತು ಎಂದು ಪಾಲು ಮಾಡುತ್ತಾರೆ. ಏನೂ ಸುಳಿವಿಲ್ಲದಿದ್ದರೆ ಪ್ರತಿ ಪಾಲಿಗೂ ಶೇ 33ರ ಸಾಧ್ಯತೆ. ಬಿಸಿಯ ಪಾಲಿಗೆ ಶೇ 50 ಎಂದು ಬರೆದಿದ್ದರೆ ಒಲವು ಆ ಕಡೆಗಿದೆ ಎಂದಷ್ಟೇ ಅರ್ಥ. ಉಳಿದ ಅರ್ಧ ಇನ್ನೂ ಕೈಯಲ್ಲಿದೆ.

ಈ ಒಲವಿನ ಹಿಂದೆ ಪೆಸಿಫಿಕ್ ಸಾಗರವಿದೆ. ನಮ್ಮ ಮುಂಗಾರನ್ನು ಎಷ್ಟೋ ಸಲ ಸೊರಗಿಸುವ ಎಲ್ ನಿನೊ ಅಲಾಸ್ಕಕ್ಕೆ ಸಾಮಾನ್ಯವಾಗಿ ಚಳಿ ಕಡಿಮೆ ಮಾಡಿಕೊಡುತ್ತದೆ. ಇನ್ನೊಂದು ಪಿಡಿಒ. ನಮಗೆ ಪಿಡಿಒ ಎಂದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಹವಾಮಾನದವರಿಗೆ ಅದು ಉತ್ತರ ಪೆಸಿಫಿಕ್ಕಿನ ನೀರು ವರ್ಷಾನುಗಟ್ಟಲೆ ಬಿಸಿಗೂ ತಂಪಿಗೂ ತೂಗಾಡುವ ಪರಿ. 1976-77ರಲ್ಲಿ ಅದು ಮಗ್ಗುಲು ಬದಲಿಸಿದ ಮೇಲೆ ಅಲಾಸ್ಕದ ಉಷ್ಣಾಂಶ ಒಮ್ಮೆಲೇ ಒಂದು ಮೆಟ್ಟಿಲು ಏರಿತು. ಇದರ ಜೊತೆಗೆ ಭೂಮಿಯ ಸರಾಸರಿಗಿಂತ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ ಆ ನಾಡು ಕಾಯುತ್ತಿದೆ. ನಕ್ಷೆಯಲ್ಲಿ ಕಿತ್ತಳೆಯೇ ಹೆಚ್ಚಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ‘ವಾಡಿಕೆಯಷ್ಟು ಮಳೆ’ ಎಂಬ ಮಾತಿನ ಮಿತಿ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಜೂನ್ ತಿಂಗಳ ಮಳೆಯೆಲ್ಲ ಕೊನೆಯ ನಾಲ್ಕು ದಿನದಲ್ಲಿ ಸುರಿದರೂ ಲೆಕ್ಕದಲ್ಲಿ ಅದು ವಾಡಿಕೆಯೇ. ಬಿತ್ತನೆ ಮಾತ್ರ ಕೆಟ್ಟಿರುತ್ತದೆ. ಅಲಾಸ್ಕದ ವಸಂತದ ಸರಾಸರಿಯೂ ಅಂಥದೇ.

ತಡವಾದ ವಸಂತದ ಭಯ

ನದಿ ಒಡೆಯುವುದರಲ್ಲಿ ಎರಡು ಬಗೆ. ಏಪ್ರಿಲ್‌ನಿಂದಲೇ ಹಗಲು ಕರಗಿ ಇರುಳು ಹೆಪ್ಪುಗಟ್ಟುತ್ತ ಬಂದರೆ ಮೇಲಿನ ಹಿಮದ ಹೊದಿಕೆ ಮೆಲ್ಲಗೆ ಇಳಿಯುತ್ತದೆ. ಬೆತ್ತಲಾದ ಮಂಜುಗಡ್ಡೆಯೊಳಗೆ ಬಿಸಿಲು ಹೊಕ್ಕು, ಅದು ಮೇಣದಬತ್ತಿಯಂಥ ಕಡ್ಡಿಗಳಾಗಿ ಸಡಿಲಗೊಳ್ಳುತ್ತದೆ. ಅಲ್ಲಿಯವರು ಇದನ್ನು ‘ಕೊಳೆತ ಗಡ್ಡೆ’ ಎನ್ನುತ್ತಾರೆ. ಅದು ನಿಂತಲ್ಲೇ ಕುಸಿದು, ಸದ್ದಿಲ್ಲದೆ ಹೊರಟುಹೋಗುತ್ತದೆ.

ಚಳಿ ಮೇವರೆಗೂ ಪಟ್ಟು ಬಿಡದೆ, ಆಮೇಲೆ ಬಿಸಿಲು ಒಮ್ಮೆಲೇ ಎರಗಿದರೆ ಕಥೆ ಬೇರೆ. ಗುಡ್ಡಗಳ ಹಿಮವೆಲ್ಲ ಒಟ್ಟಿಗೆ ನೀರಾಗಿ, ಇನ್ನೂ ಗಟ್ಟಿಯಾಗಿರುವ ಗಡ್ಡೆಯನ್ನು ಕೆಳಗಿನಿಂದ ಎತ್ತಿ ಮುರಿಯುತ್ತದೆ. ಮನೆಯಷ್ಟು ದೊಡ್ಡ ಹಾಳೆಗಳು ತಿರುವಿನಲ್ಲಿ ಸಿಕ್ಕಿಕೊಂಡು ಒಡ್ಡು ಕಟ್ಟುತ್ತವೆ. ಹಿಂದೆ ನೀರು ಏರುತ್ತದೆ. 2009ರ ಮೇ ಮೊದಲ ವಾರ ಯೂಕಾನ್ ನದಿಯ ದಡದ ಈಗಲ್ ಊರಿಗೆ ನುಗ್ಗಿದ್ದು ಬರಿಯ ನೀರಲ್ಲ, ಗಡ್ಡೆಗಳು. ಪಕ್ಕದ ಮೂಲನಿವಾಸಿಗಳ ಹಳೆಯ ಹಳ್ಳಿ ನೆಲಸಮವಾಯಿತು. 2013ರಲ್ಲಿ ಏಪ್ರಿಲ್ ಕಳೆದರೂ ಚಳಿ ಬಿಡಲಿಲ್ಲ. ಮೇ ಕೊನೆಯಲ್ಲಿ ಬಿಸಿಲು ಕಾದಾಗ ಗಲೀನಾ ಊರಿನ ಕೆಳಗೆ ಒಡ್ಡು ಬಿತ್ತು. ಸುಮಾರು 470 ಜನರ ಆ ಊರಿನ ಬಹುಪಾಲು ಮಂದಿ ಮನೆ ಬಿಟ್ಟು ಹೊರಡಬೇಕಾಯಿತು.

ತೀರಾ ಬೇಗ ಬಂದ ವಸಂತವೂ ಒಳ್ಳೆಯದೆಂದಲ್ಲ. 2019ರ ಮಾರ್ಚ್ ದಾಖಲೆಯ ಬಿಸಿಯಾಗಿತ್ತು. ಚಳಿಗಾಲದ ದಾರಿಯೆಂದು ನಂಬಿದ ನದಿ ಕಾಲಡಿಯಲ್ಲೇ ತೆಳ್ಳಗಾಗಿ, ಜನ ಪ್ರಾಣ ಕಳೆದುಕೊಂಡರು.

ನೀರು ಇಳಿದರೆ ಬೆಂಕಿ

ನದಿ ಶಾಂತವಾಗುವಷ್ಟರಲ್ಲಿ ಕಣ್ಣು ಕಾಡಿನ ಕಡೆ ಹೊರಳುತ್ತದೆ. ಒಳನಾಡಿನಲ್ಲಿ ವಸಂತವೇ ಅತಿ ಒಣ ಕಾಲ. ಹಿಮ ಕರಗಿದ ಮೇಲೆ, ಬರ್ಚ್ ಮರಗಳು ಚಿಗುರುವ ಮೊದಲು, ಕಳೆದ ವರ್ಷದ ಹುಲ್ಲು ತರಗಿನಂತೆ ಬಿದ್ದಿರುತ್ತದೆ. ಕಸ ಸುಡಲು ಹಚ್ಚಿದ ಕಿಡಿಯೊಂದು ಸಾಕು. ಮೇ 1ಕ್ಕೆ ಶುರುವಾಗುತ್ತಿದ್ದ ಕಾಳ್ಗಿಚ್ಚಿನ ಅಧಿಕೃತ ಅವಧಿಯನ್ನು 2006ರಲ್ಲಿ ಏಪ್ರಿಲ್ 1ಕ್ಕೆ ಎಳೆದದ್ದು ಸುಮ್ಮನೆ ಅಲ್ಲ. ಚಿಗುರು ಬಂದ ಮೇಲೆ ಕೊಂಚ ಉಸಿರು. ಜೂನ್‌ನಲ್ಲಿ ಸಿಡಿಲಿನ ಸರದಿ. 2004ರಲ್ಲಿ ಅಲ್ಲಿ ಸುಟ್ಟ ನೆಲ 26 ಲಕ್ಷ ಹೆಕ್ಟೇರ್ ದಾಟಿತ್ತು, ಕರ್ನಾಟಕದ ಏಳನೇ ಒಂದು ಭಾಗ.

ಗಡಿಯಾರ ನಿಂತ ದಿನಗಳು
1917: ಏಪ್ರಿಲ್ 30, ಮೊದಲ ಪಂದ್ಯ
1964: ಮೇ 20, ಬಹು ತಡ
2013: ಮತ್ತೆ ಮೇ 20
2019: ಏಪ್ರಿಲ್ 14, ಎಲ್ಲಕ್ಕಿಂತ ಬೇಗ

ಗಡ್ಡೆಯ ಬಣ್ಣ

ಮೂರು ತಿಂಗಳ ನಕ್ಷೆ ಹೇಳಲಾರದ್ದನ್ನು ಹೇಳಲು ಅಲ್ಲಿ ಇನ್ನೊಂದು ಏರ್ಪಾಡಿದೆ. ಬ್ರೇಕಪ್ಪಿನ ದಿನಗಳಲ್ಲಿ ಆಂಕರೇಜಿನ ನದಿ ಮುನ್ಸೂಚನಾ ಕೇಂದ್ರದ ಜಲವಿಜ್ಞಾನಿಗಳು, ರಾಜ್ಯದ ತುರ್ತು ನಿರ್ವಹಣಾ ಸಿಬ್ಬಂದಿ ಸಣ್ಣ ವಿಮಾನಗಳಲ್ಲಿ ನದಿಯ ಗುಂಟ ಹಾರುತ್ತಾರೆ. ಯಾವ ತಿರುವಿನಲ್ಲಿ ಒಡ್ಡು ಬಿದ್ದಿದೆ, ಮೇಲಿನ ಊರಿನಲ್ಲಿ ನೀರು ಎಷ್ಟಿದೆ ಎಂದು ಕೆಳಗಿನ ಊರುಗಳಿಗೆ ತಿಳಿಸುತ್ತ ಹೋಗುತ್ತಾರೆ.

ಅವರು ಆಕಾಶದಿಂದ ಹುಡುಕುವುದನ್ನೇ ದಡದಲ್ಲಿ ನಿಂತವರೂ ನೋಡುತ್ತಾರೆ: ಗಡ್ಡೆಯ ಬಣ್ಣ. ಕಪ್ಪಿಟ್ಟು, ಮೇಲೆ ನೀರು ನಿಂತಿದ್ದರೆ ಅದು ಒಳಗೆ ಕೊಳೆತಿದೆ, ಅಷ್ಟರ ಮಟ್ಟಿಗೆ ನೆಮ್ಮದಿ. ಮೇ ಬಂದರೂ ಬೆಳ್ಳಗೆ ಹೊಳೆಯುತ್ತಿದ್ದರೆ ಅದರಲ್ಲಿನ್ನೂ ಕಸುವಿದೆ. ಆಗ ನಕ್ಷೆಯ ಬಣ್ಣ ಯಾವುದಾದರೂ ಇರಲಿ, ದೋಣಿಯನ್ನು ಇನ್ನಷ್ಟು ಮೇಲಕ್ಕೆ ಎಳೆಯುವ ಹೊತ್ತು.