ಮೂರಕ್ಷರದ ಪದ, 645 ಅರ್ಥ

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದಕ್ಕೆ ಎಷ್ಟು ಅರ್ಥಗಳಿರಬಹುದು? ಹತ್ತು? ಇಪ್ಪತ್ತು? ಧಾರಾಳವಾಗಿ ಐವತ್ತು ಎನ್ನೋಣವೇ? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು 2011ರಲ್ಲಿ ಕೊಟ್ಟ ಲೆಕ್ಕ 645! ಅದೂ ಬರೀ ಕ್ರಿಯಾಪದಕ್ಕೆ. ಕ್ರಿಕೆಟ್ಟಿನಲ್ಲಿ ನಾವು ಎಣಿಸುವ ರನ್ ನಾಮಪದ. ಅದು ಈ ಲೆಕ್ಕಕ್ಕೆ ಸೇರಿಯೇ ಇಲ್ಲ.

ರನ್ ಎಂದರೆ ಓಡು ಎಂದು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಒಂದು ಮುಗಿಯಿತು, ಉಳಿದದ್ದು 644. ಹೊಳೆ ಹರಿದರೆ ರನ್, ನೆಗಡಿಯಾಗಿ ಮೂಗು ಸೋರಿದರೂ ರನ್. ಹೊಸ ಸೀರೆ ಬಣ್ಣ ಬಿಟ್ಟರೆ ರನ್, ಅದನ್ನು ಮಾರಿದ ಅಂಗಡಿಯನ್ನು ನಡೆಸುವುದೂ ರನ್. ಪತ್ರಿಕೆ ಸುದ್ದಿ ಹಾಕಿದರೆ ರನ್, ನಾಟಕ ವರ್ಷಗಟ್ಟಲೆ ಪ್ರದರ್ಶನ ಕಂಡರೆ ರನ್, ಕದ್ದುಮುಚ್ಚಿ ಗಡಿಯಾಚೆ ಬಂದೂಕು ಸಾಗಿಸಿದರೂ ರನ್. ನಾವು ಚುನಾವಣೆಗೆ ನಿಲ್ಲುತ್ತೇವೆ, ಅಮೆರಿಕನ್ನರು ಅದೇ ಚುನಾವಣೆಗೆ ಓಡುತ್ತಾರೆ. ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಬೇಲಿ. ನೆಟ್ಟ ಜಾಗದಿಂದ ಒಂದಿಂಚೂ ಕದಲದೆ ಹೊಲದ ಉದ್ದಕ್ಕೂ ಹಾದುಹೋಗುವ ಬೇಲಿಯೂ ಇಂಗ್ಲಿಷಿನಲ್ಲಿ ‘ರನ್’ ಆಗುತ್ತದೆ!

ದಿನಕ್ಕೊಂದು ಅರ್ಥದಂತೆ ಕಲಿಯುತ್ತ ಹೋದರೆ ಈ ಒಂದೇ ಪದ ಮುಗಿಯಲು ಒಂದು ವರ್ಷ ಒಂಬತ್ತು ತಿಂಗಳು ಬೇಕು. ಇದನ್ನು ಬಿಡಿಸಿಟ್ಟ ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಹಿಡಿದದ್ದು ಒಂಬತ್ತು ತಿಂಗಳು. ಅಂದರೆ ಭಾನುವಾರವನ್ನೂ ಬಿಡದೆ ಎಣಿಸಿದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಅರ್ಥ! ಪ್ರತಿಯೊಂದನ್ನೂ ಪಕ್ಕದ ಅರ್ಥದಿಂದ ಬೇರ್ಪಡಿಸಬೇಕು, ಯಾವ ಕಾಲದಲ್ಲಿ ಬಳಕೆಗೆ ಬಂತೆಂದು ಹುಡುಕಬೇಕು, ಉದಾಹರಣೆ ಕೊಡಬೇಕು. ಆ ತಾಳ್ಮೆಗೆ ಕೈಮುಗಿಯಬೇಕು.

ಅತಿ ಹೆಚ್ಚು ಅರ್ಥಗಳ ಪದವೆಂಬ ಪಟ್ಟಕ್ಕೆ ರನ್ ಬಂದದ್ದು ಇತ್ತೀಚೆಗೆ. ಅದಕ್ಕೂ ಮೊದಲು ಬಹುಕಾಲ ಪಟ್ಟದಲ್ಲಿದ್ದದ್ದು ‘ಸೆಟ್’. ಇದೂ ಮೂರೇ ಅಕ್ಷರ. 1989ರ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಸುಮಾರು 430 ಅರ್ಥಗಳು. ಅವುಗಳ ವಿವರಣೆಗೆ ಹಿಡಿದದ್ದು ಸುಮಾರು 60,000 ಪದಗಳು, 3,26,000 ಅಕ್ಷರಗಳು. ಅಮೆರಿಕದ ಮೂಲ ಸಂವಿಧಾನ ಸುಮಾರು 4,500 ಪದಗಳದ್ದು. ಒಂದು ದೇಶವನ್ನು ಕಟ್ಟಲು ಬೇಕಾದ ಮಾತಿಗಿಂತ 13 ಪಟ್ಟು ಹೆಚ್ಚು ಮಾತು, ‘ಸೆಟ್’ ಎಂದರೇನೆಂದು ಹೇಳುವುದಕ್ಕೆ! ಅಷ್ಟನ್ನೂ ನಿಮಿಷಕ್ಕೆ 150 ಪದಗಳಂತೆ ಗಟ್ಟಿಯಾಗಿ ಓದಿದರೆ ಆರು ಗಂಟೆ ನಲವತ್ತು ನಿಮಿಷ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ಕೋಶದಲ್ಲಿ ನಮ್ಮ ಇಡೀ ಭಾಷೆಯಿಂದ ಆಯ್ದ ಪದಗಳು ಸುಮಾರು 70,000. ಎಣಿಕೆಯ ಬಗೆ ಬೇರೆ, ಒಪ್ಪೋಣ. ಆದರೂ ಅದನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಲೆ ತಿರುಗುತ್ತದೆ. 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’ ಮುಂದೆ ಹೋದವು. ನಂತರ ರನ್ ಎಲ್ಲವನ್ನೂ ಹಿಂದಿಕ್ಕಿತು.

ಇಂಥ ಪದಗಳನ್ನು ಹೊತ್ತ ನಿಘಂಟಿನ ಗಾತ್ರ ಎಷ್ಟಿರಬೇಡ! 1879ರಲ್ಲಿ ಜೇಮ್ಸ್ ಮರ್ರೆ ಅದರ ಸಂಪಾದಕರ ಕೆಲಸ ಒಪ್ಪಿಕೊಂಡಾಗ ಅಂದುಕೊಂಡದ್ದು ಹತ್ತು ವರ್ಷ, ನಾಲ್ಕು ಸಂಪುಟ. ಐದು ವರ್ಷ ಕಳೆದಾಗ ಮುಗಿದದ್ದು ‘ಆ್ಯಂಟ್’ ಎಂಬಲ್ಲಿಯವರೆಗೆ. ಇರುವೆಯ ವೇಗವೇ ಸರಿ! ಮರ್ರೆ 1915ರಲ್ಲಿ ತೀರಿಕೊಂಡರು. ನಿಘಂಟು ಮುಗಿದದ್ದು 1928ರಲ್ಲಿ, ಹತ್ತು ವರ್ಷದ ಕೆಲಸಕ್ಕೆ 49 ವರ್ಷ ಹಿಡಿದು. ಅವರು ಕೆಲಸ ಮಾಡಿದ್ದು ತಗಡಿನ ಒಂದು ಶೆಡ್ಡಿನಲ್ಲಿ. ಒಳಗಿನ ಗೋಡೆಗೆ 1,029 ಗೂಡುಗಳು, ಗೂಡುಗಳ ತುಂಬ ಅಂಗೈ ಅಗಲದ ಚೀಟಿಗಳು. ಒಂದೊಂದು ಚೀಟಿಯ ಮೇಲೆ ಒಂದು ಪದ, ಅದು ಬಂದ ಪುಸ್ತಕದ ಹೆಸರು, ಇಸವಿ, ಪೂರ್ತಿ ವಾಕ್ಯ. ಎಲ್ಲೆಲ್ಲಿಂದಲೋ ಓದುಗರು ಅಂಚೆಯಲ್ಲಿ ಕಳಿಸಿದ ಇಂಥ ಚೀಟಿಗಳು ಕೊನೆಗೆ 50 ಲಕ್ಷ ದಾಟಿದವು. ಒಂದು ಚೀಟಿ ಆರಿಂಚು ಉದ್ದ. 50 ಲಕ್ಷ ಚೀಟಿಗಳನ್ನು ಒಂದರ ತುದಿಗೊಂದು ಜೋಡಿಸಿದರೆ 760 ಕಿಲೋಮೀಟರ್, ಬೆಂಗಳೂರಿನಿಂದ ಬೀದರ್ ತಲುಪಿ ಇನ್ನೂ ಮಿಗುತ್ತದೆ!

1989ರ ಆವೃತ್ತಿ 20 ಸಂಪುಟ, 21,728 ಪುಟ. ತೂಕ 62.6 ಕಿಲೋ, ಅಂದರೆ ಒಬ್ಬ ವಯಸ್ಕನ ತೂಕ. ಪದಗಳು 5.9 ಕೋಟಿ. ಒಬ್ಬನೇ ಕುಳಿತು ಟೈಪ್ ಮಾಡಿದರೆ 120 ವರ್ಷ, ಕರಡು ತಿದ್ದಲು ಮತ್ತೆ 60 ವರ್ಷ. ಷೇಕ್ಸ್‌ಪಿಯರ್ ಬರೆದದ್ದೆಲ್ಲ ಸೇರಿ ಒಂಬತ್ತು ಲಕ್ಷ ಪದಗಳನ್ನೂ ಮುಟ್ಟುವುದಿಲ್ಲ. ಅಂಥ 65 ಷೇಕ್ಸ್‌ಪಿಯರರು ಇದರೊಳಗೆ ಸಲೀಸಾಗಿ ಹಿಡಿಯುತ್ತಾರೆ.

ಇಷ್ಟಕ್ಕೇ ಬೆರಗಾಗಬೇಡಿ, ಈಗ ಸ್ವಲ್ಪ ಗುಣಾಕಾರ ಮಾಡೋಣ. ಒಂದು ವಾಕ್ಯದಲ್ಲಿ ರನ್ ಎರಡು ಸಲ ಬಂತು ಎನ್ನಿ. ಯಾವ ಅರ್ಥದ ಜತೆ ಯಾವುದು? ಸಾಧ್ಯತೆಗಳು 645 ಗುಣಿಲೆ 645, ಅಂದರೆ 4,16,025. ಒಂದೊಂದಕ್ಕೆ ಒಂದು ಸೆಕೆಂಡ್ ಕೊಟ್ಟು ಪರೀಕ್ಷಿಸಿದರೆ ಊಟ ನಿದ್ದೆ ಬಿಟ್ಟರೂ ಸುಮಾರು ಐದು ದಿನ. ಮೂರು ಸಲ ಬಂದರೆ 26 ಕೋಟಿ 83 ಲಕ್ಷ ಸಾಧ್ಯತೆಗಳು, ಎಂಟೂವರೆ ವರ್ಷ! ನಾಲ್ಕು ಸಲ ಬಂದರೆ? ಸುಮಾರು 5,480 ವರ್ಷ. ಇವತ್ತು ಮುಗಿಯಬೇಕಿದ್ದರೆ ಗೀಜಾದ ಮಹಾ ಪಿರಮಿಡ್ಡಿಗೆ ಕಲ್ಲು ಹೊರುವ ನೂರಾರು ವರ್ಷ ಮೊದಲೇ ಶುರು ಮಾಡಿರಬೇಕಿತ್ತು. ಇಷ್ಟೂ ಅರ್ಥಗಳಲ್ಲಿ ಸರಿಯಾದದ್ದನ್ನು ಮಾತು ಬಾಯಿಂದ ಬೀಳುವಷ್ಟರಲ್ಲೇ ಆರಿಸಿಕೊಳ್ಳುತ್ತದೆ ಲಂಡನ್ನಿನ ನಾಲ್ಕು ವರ್ಷದ ಮಗು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನೀವೂ ನಾನೂ ಎಷ್ಟೋ ಸಲ ಹಾಗೆಯೇ ಆರಿಸುತ್ತೇವೆ.

ಆಕ್ಸ್‌ಫರ್ಡ್ ನಿಘಂಟಿನಲ್ಲಿರುವ ಅತಿ ಉದ್ದದ ಪದಕ್ಕೆ 45 ಅಕ್ಷರ. ಸೂಕ್ಷ್ಮ ಧೂಳು ಒಳಹೊಕ್ಕು ಬರುವ ಶ್ವಾಸಕೋಶದ ಕಾಯಿಲೆಯೊಂದರ ಹೆಸರದು. ಅಷ್ಟುದ್ದದ ಪದಕ್ಕೆ ಇರುವುದು ಒಂದೇ ಅರ್ಥ. ಇಂಗ್ಲಿಷಿನ ಅತಿ ದೊಡ್ಡ ಪದ ಯಾವುದೆಂದು ಮಕ್ಕಳು ಕೇಳಿದರೆ ದಯವಿಟ್ಟು ಅದನ್ನು ಹೇಳಬೇಡಿ, ‘ರನ್’ ಎನ್ನಿ.