ಉಬ್ಬುತಗ್ಗಿನ ನೆಲದಲ್ಲಿ ಟ್ರ್ಯಾಕ್ಟರ್: ಹೊಣೆ ಚಾಲಕನದಷ್ಟೇ ಅಲ್ಲ

ಸವಣೂರು ತಾಲೂಕಿನ ಹತ್ತಿಮತ್ತೂರು ಮುಂತಾದ ಗ್ರಾಮಗಳ ಹೊಲಗಳಿಂದ ಮಾರುಕಟ್ಟೆಗೆ ಮಾಲು ಸಾಗಿಸಲು ಟ್ರ್ಯಾಕ್ಟರ್-ಟ್ರೇಲರ್ ಮುಖ್ಯ ಸಾಧನ. ಆದರೆ ಗೋವಿನಜೋಳವಾಗಲಿ ಹತ್ತಿಯಾಗಲಿ, ಡಾಂಬರು ರಸ್ತೆ ಸೇರುವ ಮೊದಲು ಹೊಲದ ಬದು, ಹಳ್ಳದ ಇಳಿಜಾರುಗಳನ್ನು ದಾಟಬೇಕು. ಅಲ್ಲಿ ಟ್ರ್ಯಾಕ್ಟರ್ ಮಗುಚಿದರೆ ತಪ್ಪನ್ನು ಚಾಲಕನ ಮೇಲೆ ಹೊರಿಸುವುದು ವಾಡಿಕೆ. ಅಪಾಯದ ಮೂಲ ಮಾತ್ರ ಹಲವು ವೇಳೆ ವರ್ಕ್‌ಶಾಪಿನಲ್ಲಿ ಅಥವಾ ಮಾಲು ಹೇರುವ ಸ್ಥಳದಲ್ಲಿ ಇರುತ್ತದೆ.

ಮಗುಚುವ ಬಗೆ

ಟ್ರ್ಯಾಕ್ಟರ್ ಎರಡು ರೀತಿಯಲ್ಲಿ ಮಗುಚುತ್ತದೆ. ಒಂದು ಬದಿಯ ಚಕ್ರ ಬದುವನ್ನೇರಿದಾಗ ಭಾರದ ಕೇಂದ್ರ ಇನ್ನೊಂದು ಬದಿಗೆ ಸರಿದು ಪಕ್ಕಕ್ಕೆ ಉರುಳುವುದು ಮೊದಲನೆಯದು. ವೇಗ ಇಮ್ಮಡಿಯಾದರೆ ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಎರಡನೆಯದು ಹೆಚ್ಚು ಭೀಕರ. ಹಿಂಗಾಲಿ ಕೆಸರಿನಲ್ಲಿ ಹೂತು ತಿರುಗದಿದ್ದಾಗ ಎಂಜಿನ್ನಿನ ಬಲ ಮುಂಭಾಗವನ್ನೇ ಮೇಲಕ್ಕೆತ್ತುತ್ತದೆ. ಮುಂಗಾಲಿ ನೆಲ ಬಿಟ್ಟ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಚಾಲಕನಿಗೆ ಹಾರಿಕೊಳ್ಳಲು ಸಮಯವಿರುವುದಿಲ್ಲ.

ತಯಾರಕರ ಪಾಲು

ಟ್ರೇಲರನ್ನು ಟ್ರ್ಯಾಕ್ಟರಿನ ಡ್ರಾಬಾರಿಗೇ ಜೋಡಿಸಬೇಕು. ಜೋಡಣೆ ಹಿಂದಿನ ಆಕ್ಸಲ್ಲಿಗಿಂತ ಮೇಲಿದ್ದರೆ ಎಳೆತವೇ ಮುಂಭಾಗವನ್ನೆತ್ತುತ್ತದೆ. ಬ್ರೇಕಿಲ್ಲದ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಮುಂದಕ್ಕೆ ನೂಕುತ್ತದೆ. ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಸುರಕ್ಷಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಇಂತಹ ಸಾವುಗಳು ಗಣನೀಯವಾಗಿ ಇಳಿದವು. ಆದರೆ ಪರೀಕ್ಷೆಗೊಳಪಡದ, ಅಂದಾಜಿನಿಂದ ಬೆಸುಗೆ ಹಾಕಿದ ಚೌಕಟ್ಟು ಭಾರಕ್ಕೆ ಕುಸಿಯಬಹುದು. ಚೌಕಟ್ಟಿದ್ದಲ್ಲಿ ಸೀಟ್ ಬೆಲ್ಟ್ ಧರಿಸುವುದು ಅವಶ್ಯ.

ವರ್ತಕರ ಪಾಲು

ಹಲಗೆ ಏರಿಸಿ ಎತ್ತರಕ್ಕೆ ಚೀಲ ಒಟ್ಟಿದಷ್ಟೂ ಟ್ರೇಲರ್ ಅಸ್ಥಿರವಾಗುತ್ತದೆ. ಭಾರ ತಗ್ಗಿನಲ್ಲಿ, ಎರಡೂ ಬದಿಗೆ ಸಮನಾಗಿರಲಿ. ಹಮಾಲರನ್ನು ಚೀಲಗಳ ಮೇಲೆ ಕೂರಿಸಿ ಕಳುಹಿಸುವುದು ಸಲ್ಲದು. ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರಿಗೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ.

ಚಾಲಕನಿಗೆ ತಿಳಿಸಬೇಕಾದುದು

* ರಸ್ತೆಗಿಳಿಯುವ ಮುನ್ನ ಎಡ-ಬಲ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಬೇಕು.
* ಇಳಿಜಾರಿಗೆ ಮೊದಲೇ ಕೆಳಗಿನ ಗೇರ್ ಹಾಕಬೇಕು; ನ್ಯೂಟ್ರಲ್‌ನಲ್ಲಿ ಇಳಿಸಬಾರದು.
* ಹಳ್ಳದ ಅಂಚಿನಿಂದ ಕನಿಷ್ಠ ಅದರ ಆಳದಷ್ಟು ದೂರವಿರಬೇಕು.
* ಕೆಸರಿನಲ್ಲಿ ಸಿಲುಕಿದರೆ ಹಿಂದಕ್ಕೆ ಚಲಿಸಿ ಹೊರಬರಲು ಯತ್ನಿಸಬೇಕು. ಗಾಲಿಗೆ ಮರದ ತುಂಡು ಕಟ್ಟಬಾರದು.
* ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬಾರದು.

ಇವುಗಳಲ್ಲಿ ಬಹುಪಾಲು ಕ್ರಮಗಳಿಗೆ ಖರ್ಚಿಲ್ಲ. ಒಂದು ಖೇಪು ಕಡಿಮೆಯಾದರೆ ನಷ್ಟವನ್ನು ಮರುದಿನ ತುಂಬಿಕೊಳ್ಳಬಹುದು. ಹೋದ ಜೀವವನ್ನು ಯಾವ ವಹಿವಾಟೂ ಮರಳಿ ತಂದುಕೊಡಲಾರದು.