ಒಂದೆಕರೆ ಮಳೆಯ ಲೆಕ್ಕ

ಕೋಲಾರದ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಅದು ಒಂದು ಲೀಟರ್ ನೀರು. ಹಾಗೆ ಲೆಕ್ಕ ಹಾಕಿದರೆ ಎಕರೆಯೊಂದಕ್ಕೆ ವರ್ಷಕ್ಕೆ 28 ಲಕ್ಷ ಲೀಟರ್! ಇಷ್ಟು ನೀರು ಬಿದ್ದ ಹೊಲದಲ್ಲೇ ಸಾವಿರ ಅಡಿ ಕೊರೆಸಿದರೂ ಬರೀ ದೂಳು ಏಳುವುದುಂಟು. ಹಾಗಾದರೆ ಬಿದ್ದದ್ದೆಲ್ಲ ಎಲ್ಲಿ ಹೋಯಿತು?

ಮೊದಲ ಹನಿಗಳು ಎಲೆ, ಹುಲ್ಲು, ಮೇಲ್ಮಣ್ಣನ್ನು ತೋಯಿಸಿ ಅಲ್ಲೇ ಆರಿಹೋಗುತ್ತವೆ. ಆಮೇಲಿನದು ಮಣ್ಣಿನ ಸಂದುಗಳಿಗೆ ಇಳಿಯಬೇಕು. ಜಡಿಮಳೆ ನಿಧಾನವಾಗಿ ಬೀಳುವುದರಿಂದ ಇಂಗಲು ಸಮಯ ಸಿಗುತ್ತದೆ. ಬಿರುಮಳೆಯ ಕತೆ ಬೇರೆ. ದಪ್ಪ ಹನಿಗಳು ಬರಿನೆಲಕ್ಕೆ ಬಡಿದಾಗ ಹೆಂಟೆ ಒಡೆಯುತ್ತದೆ, ನುಣ್ಣನೆಯ ಕಣಗಳು ಸಂದುಗಳಿಗೆ ಮೆತ್ತಿಕೊಳ್ಳುತ್ತವೆ, ಮೇಲೊಂದು ಹೆಪ್ಪು ಕಟ್ಟುತ್ತದೆ. ಕೆಂಪು ಮಣ್ಣಿಗೆ ಈ ಗುಣ ಹೆಚ್ಚು. ಅರ್ಧ ಅಡಿ ಕೆಳಗೆ ಮಣ್ಣು ಒಣಗಿಯೇ ಇದ್ದರೂ ಮೇಲೆ ಕೆಂಪು ನೀರು ಹಳ್ಳದ ಕಡೆ ಓಡುವುದು ಇದರಿಂದ.

ಇಳಿದ ನೀರೂ ನೇರ ಪಾತಾಳಕ್ಕೆ ಹೋಗುವುದಿಲ್ಲ. ಮಣ್ಣಿನ ಕಣಗಳು ಅದನ್ನು ತೆಳು ಪೊರೆಯಾಗಿ ತಮ್ಮ ಸುತ್ತ ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಸೆಳೆತಕ್ಕೂ ಅದು ಜಗ್ಗುವುದಿಲ್ಲ. ಬಿತ್ತುವ ಮುನ್ನ ರೈತರು ಕೈಯಲ್ಲಿ ಮಣ್ಣು ಹಿಸುಕಿ ನೋಡುವ ಹದ ಇದೇ. ರಾಗಿಯ ಬೇರು ಅದನ್ನು ಹೀರುತ್ತದೆ, ಎಲೆಗಳು ಆವಿಯಾಗಿ ಬಿಡುತ್ತವೆ. ಮಳೆಯ ದೊಡ್ಡ ಪಾಲು ಹೀಗೆ ಮತ್ತೆ ಆಕಾಶ ಸೇರುತ್ತದೆ. ಇದನ್ನು ನಷ್ಟದ ಬಾಬತ್ತಿಗೆ ಬರೆಯಬೇಡಿ, ತಟ್ಟೆಗೆ ಮುದ್ದೆ ಬರುವುದು ಈ ಪಾಲಿನಿಂದಲೇ.

ಹದ ತುಂಬಿ ಮಿಕ್ಕಿದ್ದಷ್ಟೇ ಇನ್ನೂ ಕೆಳಗೆ ಜಿನುಗಿ ಅಂತರ್ಜಲವಾಗುತ್ತದೆ. ಗ್ರಾನೈಟ್, ನೈಸ್ ಬಂಡೆಗಳು ಶಿಥಿಲವಾಗಿ ಗರಸಾಗಿರುವ ಕಡೆ ಈ ಪಾಲು ಮಳೆಯ ಶೇಕಡಾ 8ರಿಂದ 11 ಎಂದು ಸರ್ಕಾರದ 1997ರ ಅಂತರ್ಜಲ ಮಾನದಂಡ ಹಿಡಿದಿತ್ತು. ಬಿರುಕು ಕಡಿಮೆಯಿರುವ ಗಟ್ಟಿ ಬಂಡೆಗಾದರೆ ಬರೀ ಶೇಕಡಾ 1.

ನೆಲದಡಿಯಲ್ಲಿ ನದಿ ಹರಿಯುತ್ತದೆ, ತೆಂಗಿನಕಾಯಿ ಹಿಡಿದು ನಡೆದರೆ ಅದು ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ಸೀಮೆಯ ಬಂಡೆಯೊಳಗೆ ಅಂಥ ನದಿಯಿಲ್ಲ. ನೀರು ಹೆಚ್ಚಾಗಿ ನಿಲ್ಲುವುದು ಮೇಲಿನ ಗರಸಿನ ಪದರದಲ್ಲಿ. ಹಳೆಯ ಕಪಿಲೆ ಬಾವಿಗಳು ಬದುಕಿದ್ದು ಅದರಿಂದ. ಅದು ಬರಿದಾದ ಮೇಲೆ ಉಳಿಯುವುದು ಬಂಡೆಯ ಬಿರುಕುಗಳು ಮಾತ್ರ. ಆಳಕ್ಕೆ ಹೋದಷ್ಟೂ ಅವು ವಿರಳ, ಕಿರಿದು. ಮಳೆಯ ನೀರು ಅಲ್ಲಿಗೆ ತಲುಪುವುದೂ ತಡ.

ಈಗ ಮತ್ತೆ ಆ ಒಂದೆಕರೆಗೆ ಬನ್ನಿ. ಶೇಕಡಾ 11 ಎಂದೇ ಇಟ್ಟುಕೊಂಡರೂ ವರ್ಷವಿಡೀ ಒಳಗೆ ಸೇರಿದ್ದು ಸುಮಾರು ಮೂರು ಲಕ್ಷ ಲೀಟರ್. ಗಂಟೆಗೆ ಐದು ಸಾವಿರ ಲೀಟರ್ ಎತ್ತುವ ಪಂಪು ದಿನಕ್ಕೆ ಆರು ಗಂಟೆ ಓಡಿದರೆ ಹತ್ತು ದಿನಕ್ಕೆ ಅದು ಖಾಲಿ. ಪಕ್ಕದಲ್ಲೇ ಇನ್ನೊಂದು ಬೋರ್‌ವೆಲ್ ಕೊರೆಸಿದರೆ ಐದು ದಿನ.